ರೋಣದಿಂದ ಬಂದ ಪೆನ್‌ಡ್ರೈವ್

"ದುರ್ಗೇಶ ಅಂದ್ರ ನೀವನಾ?"

ಕೌಂಟರಿನ ಮೇಲೆ ಲ್ಯಾಪ್‌ಟಾಪ್ ದಪ್ ಅಂತ ಇಳಿಯಿತು. ಇಳಿಸಿದವಳ ಕಣ್ಣುಗಳು ಕೆಂಪಾಗಿದ್ದವು.

ರೋಣದ ಬಸ್ ನಿಲ್ದಾಣದ ಎದುರಿನ ಆ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಅವನೊಬ್ಬನೇ ಕೂತಿದ್ದ. ಮಧ್ಯಾಹ್ನದಿಂದ ಕರೆಂಟಿರಲಿಲ್ಲ. ಗಾಬರಿಯಿಂದ ಎದ್ದು ನಿಂತ.

"ಹೌದ್ರಿ... ನೀವು?"

"ರಾಜೇಶ್ವರಿ. ಗಜೇಂದ್ರಗಡದಾಕಿ. ಎಂಟ ತಿಂಗಳಿಂದ ನಿಮ್ಮನ್ನ ದೇವರಂಗ ನಂಬಿದಾಕಿ! ಚಲೋ ಮೋಸಾ ಮಾಡಿದ್ರಿ ಬಿಡ್ರಿ!"

ಅಯ್ಯೋ ಶಿವನೇ! ಎಂಟು ತಿಂಗಳು ಮುಖವನ್ನೇ ನೋಡದೆ ಮನಸ್ಸು ಕೊಟ್ಟು ಕೂತವರ ಮೊದಲ ಭೇಟಿ ಹೀಗಾ ಆಗುವುದು? ಆದರೆ ಆದದ್ದು ಹೀಗೇ. ಸುಳ್ಳು ಹೇಳಿ ನನಗೇನು ಬರಬೇಕಿದೆ?

ಆ ಕಡೆ ಮನೆಯಲ್ಲೇ ಕೂತು ವೆಬ್‌ಸೈಟ್ ಕಟ್ಟುವುದನ್ನು ಕಲಿಯುವ ಹುಡುಗ ಹುಡುಗಿಯರಿದ್ದಾರಲ್ಲ, ಅವರಿಗೆಲ್ಲ ಒಂದೇ ತಾಪತ್ರಯ. ಜಾವಾಸ್ಕ್ರಿಪ್ಟಿನಲ್ಲಿ ಚಿಕ್ಕದೊಂದು ಕೆಲಸ ಶುರು ಮಾಡಬೇಕೆಂದರೂ ಯಾರ್ಯಾರೋ ಬರೆದಿಟ್ಟ ನೂರಾರು ಪ್ಯಾಕೇಜುಗಳನ್ನು ಇಳಿಸಿಕೊಳ್ಳಬೇಕು. ಫೋನಿನ ದಿನದ ಡೇಟಾ ಅಷ್ಟಕ್ಕೇ ಖಲಾಸ್. ಅದಕ್ಕೇ ದುರ್ಗೇಶ ಒಂದು ಉಪಾಯ ಹುಡುಕಿದ್ದ. ಅಂಗಡಿಯ ವೈಫೈನಲ್ಲಿ ಎಲ್ಲ ಇಳಿಸಿ, ಆ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವಿಗೆ ಹಾಕಿ, ಕಾಗದದಲ್ಲಿ ಸುತ್ತಿ ಲಾಡಸಾಬ ಕಂಡಕ್ಟರನ ಕೈಗೆ ಕೊಡುವುದು. ಸೂಡಿಗೊಂದು, ಗಜೇಂದ್ರಗಡಕ್ಕೊಂದು.

ಗಜೇಂದ್ರಗಡದ ಕಾಗದದಲ್ಲಿ ಮಾತ್ರ ಒಂದೆರಡು ಸಾಲು ಬರೆದಿರುತ್ತಿತ್ತು. 'ಎರರ್ ಬಂದ್ರ ಅಂಜಬ್ಯಾಡ್ರಿ, ಸಾವಕಾಶ ಓದ್ರಿ' ಅಂತ ಒಮ್ಮೆ. 'ಮೊದ್ಲ ಊಟಾ ಮಾಡ್ರಿ, ಆಮ್ಯಾಲೆ ಕುಂದರ್ರಿ' ಅಂತ ಇನ್ನೊಮ್ಮೆ. ಕಾಳುಕಡಿ ದಲಾಲಿಯ ಅಡತಿ ಅಂಗಡಿ ಇಟ್ಟ ಪ್ರಭುಲಿಂಗಪ್ಪನವರ ಮಗಳು ರಾಜೇಶ್ವರಿ ಅವುಗಳಲ್ಲಿ ಒಂದನ್ನೂ ಬಿಸಾಡಿರಲಿಲ್ಲ. ಹುಚ್ಚು ಹುಡುಗಿ!

ಇವತ್ತು ಅವಳ ಪಾಲಿಗೆ ಕಡೆಯ ದಿನ. ಹುಬ್ಬಳ್ಳಿಯ ಸಣ್ಣ ಕಂಪನಿಯೊಂದು ಮನೆಯಿಂದಲೇ ಮಾಡುವ ಒಂದೇ ಒಂದು ಕೆಲಸಕ್ಕೆ ಇಬ್ಬರನ್ನು ಆರಿಸಿತ್ತು. ತಾವು ಕಟ್ಟಿದ ವೆಬ್‌ಸೈಟ್ ಓಡುವುದನ್ನು ತೋರಿಸುವ ವಿಡಿಯೋವನ್ನು ಸಂಜೆ ಐದರೊಳಗೆ ಕಳಿಸಬೇಕು; ಕಳಿಸಿದವರಿಗೆ ಫೋನಿನಲ್ಲೇ ಇಂಟರ್‌ವ್ಯೂ. ಅಪ್ಪನೂ ಅದೇ ಗಡಿಯಾರ ಹಿಡಿದು ಕೂತಿದ್ದ.

"ಐದಕ್ಕ ನಿನ್ನ ನೌಕರಿದು ಆದ್ರ ಆತು. ಆಗ್ಲಿಲ್ಲ... ನರಗುಂದದವ್ರಿಗೆ ಹೂಂ ಅಂತೀನಿ. ಎಷ್ಟ ದಿನಾ ಕಾಯಸೂಣು ಅವ್ರನ್ನ?"

ನರಗುಂದದ ಆ ವರ ನೋಡಲು ಬಂದಾಗ ಕೇಳಿದ್ದು ಒಂದೇ ಪ್ರಶ್ನೆ. "ಮದುವಿ ಆದಮ್ಯಾಲೆ ಈ ಲ್ಯಾಪ್‌ಟಾಪ್ ಯಾಕ ಬೇಕ?" ಅದಾದಮೇಲೆ ಆ ಮನೆ ರಾಜೇಶ್ವರಿಗೆ ಬೇಡವೇ ಬೇಡವಾಗಿತ್ತು.

ಇವತ್ತು ಬೆಳಿಗ್ಗೆ ರೋಣದಿಂದ ಬಂದ ಫೋಲ್ಡರ್ ಹಾಕಿದಳು. ಓಡಲಿಲ್ಲ! ತೆಗೆದಳು, ಮತ್ತೆ ಹಾಕಿದಳು. ಪರದೆಯ ತುಂಬ ಕೆಂಪು ಅಕ್ಷರ. ಅಷ್ಟರಲ್ಲಿ ಕಂಪನಿಯ ಮೇಲ್ ಬಂತು. ಕಡೆಯ ಸುತ್ತಿನ ಇಬ್ಬರ ಹೆಸರು ಅದರಲ್ಲಿತ್ತು. ಒಂದು ಅವಳದು. ಇನ್ನೊಂದು, ದುರ್ಗೇಶ, ಪುರ್ತಗೇರಿ. ಅವನ ಊರೇ ಅದು!

'ಅದಕ್ಕ ಕೆಡಿಸಿ ಕಳಿಸ್ಯಾನ!' ಹಿಂದೆ ಮುಂದೆ ನೋಡದೆ ಬಸ್ ಹತ್ತಿದಳು.

"ಇಬ್ಬರ ಹೆಸರು ಐತಿ ಅಂತ ನಿಮಗ ಗೊತ್ತಿತ್ತೋ ಇಲ್ಲೋ?" ಅವಳು ಕೌಂಟರಿಗೆ ಬಾಗಿ ಕೇಳಿದಳು.

ದುರ್ಗೇಶ ತಲೆ ತಗ್ಗಿಸಿದ. "ಗೊತ್ತಿತ್ರಿ. ಒಂದ ವಾರದಿಂದ, ನೀವು ಹುಬ್ಬಳ್ಳಿ ಕಂಪನಿ ಹೆಸರು ಬರದು ಕಳಿಸಿದಾಗಿಂದ."

"ಮತ್ತ್ಯಾಕ ಹೇಳಲಿಲ್ಲ?"

ದುರ್ಗೇಶ ತಲೆ ಎತ್ತಿದ. ಗೋಡೆಯ ಗಡಿಯಾರ ನೋಡಿದ. ಮೂರೂ ಮುಕ್ಕಾಲು.

"ಬೈಯೋದು ಆಮ್ಯಾಲೆ ಬೈರಿ. ಮೊದ್ಲ ತೋರಸ್ರಿ, ಏನಾಗೇತಿ ನೋಡೂಣು."

ಲ್ಯಾಪ್‌ಟಾಪ್ ತೆರೆದವನು ಪರದೆಯತ್ತ ಬಾಗಿದ.

"ಇದಕ್ಕ ಲಿನಕ್ಸ್ ಹಾಕ್ಸೀರೇನ್ರಿ?"

"ಹೋದ ವಾರ. ಭಾಳ ನಿಧಾನ ಆಗಿತ್ತಂತ ನಮ್ಮ ಓಣಿ ತೌಸೀಫ ಹಾಕಿಕೊಟ್ಟ. ಯಾಕ?"

"ನಂದು ವಿಂಡೋಸ್ ಐತ್ರಿ. ಕೆಲವು ಪ್ಯಾಕೇಜು ಆಯಾ ಕಂಪ್ಯೂಟರಿಗೆ ತಕ್ಕಂಗ ಇಳೀತಾವು. ನಂದ್ರಾಗ ಇಳಿಸಿದ್ದು ನಿಮ್ದ್ರಾಗ ಹ್ಯಾಂಗ ಓಡ್ತೈತ್ರಿ?"

ರಾಜೇಶ್ವರಿ ನಾಲಿಗೆ ಕಚ್ಚಿಕೊಂಡಳು. ಮೋಸ ಇಲ್ಲ, ಏನಿಲ್ಲ... ತಾನೇ ಹೇಳಲು ಮರೆತದ್ದು! ಡೇಟಾ ಉಳಿಸಲೆಂದು ಬಸ್ಸಿನಲ್ಲಿ ಫೋಲ್ಡರ್ ಕಳಿಸುವ ಊರಿನವರೇ ಮಾಡಬಹುದಾದ ತಪ್ಪು ಇದು.

"ಲಾಕ್ ಫೈಲ್ ಕಾಣವಲ್ತಲ್ರಿ?"

"ಅ... ಅಳಿಸೀನ್ರಿ. ಸಿಟ್ಟಿನಾಗ. ಅದನ್ನ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿದ್ರ ಆಗ್ತೈತಿ ಅಂತ ಎಲ್ಲೋ ಓದಿದ್ದೆ."

ದುರ್ಗೇಶ ಹಣೆ ಒತ್ತಿಕೊಂಡ. ಯಾವ ಪ್ಯಾಕೇಜಿನ ಯಾವ ಆವೃತ್ತಿ ಬೇಕೆಂಬ ಪಟ್ಟಿ ಅದರಲ್ಲಿರುತ್ತದೆ. ಅದಿಲ್ಲದಿದ್ದರೆ ಹೊಸ ಹೊಸವು ಬಂದು ಒಂದಕ್ಕೊಂದು ಹೊಂದದೆ ಅತ್ತೆ ಸೊಸೆಯರಂತೆ ಜಗಳಕ್ಕೆ ನಿಲ್ಲುತ್ತವೆ. ಪರದೆಯ ಮೇಲಿದ್ದ ಕೆಂಪು ಅಕ್ಷರಗಳು ಆ ಜಗಳದ್ದೇ.

"ಮುಗೀತು ಹಂಗಾರ..." ಅವಳು ಸ್ಟೂಲಿನ ಮೇಲೆ ಕುಸಿದಳು. ಕಣ್ಣೀರು ತಡೆಯಲಾಗಲಿಲ್ಲ.

"ಅಳಬ್ಯಾಡ್ರಿ. ಹೋದ ತಿಂಗಳ ನಿಮ್ಮ ಕೆಲಸಾ ನೋಡಾಕಂತ ಕಳಿಸಿದ್ರಲ್ಲ, ಆ ಪ್ರತಿ ನನ್ನ ಕಡೆ ಐತಿ." ತನ್ನ ಲ್ಯಾಪ್‌ಟಾಪ್ ತೆಗೆದು ಹುಡುಕಿದ. ಸಿಕ್ಕಿತು! ಹಳೆಯ ಫೋಲ್ಡರನ್ನು ಪೂರ್ತಿ ಅಳಿಸಿ, ಲಾಕ್ ಫೈಲನ್ನು ಅದರ ಜಾಗಕ್ಕೆ ಇಟ್ಟ. "ಈಗ ಪಟ್ಟಿಯಾಗ ಇದ್ದಂಗ ಅಷ್ಟ ಇಳಿಸೂಣು."

ಕರೆಂಟಿಲ್ಲ ಅಂದಮೇಲೆ ವೈಫೈ ಎಲ್ಲಿಂದ ಬರಬೇಕು? ಅವಳ ಸಿಮ್ಮಿಗೆ ಆ ಅಂಗಡಿಯೊಳಗೆ ಮಾತಾಡುವಷ್ಟು ಸಿಗ್ನಲ್ ಇತ್ತೇ ಹೊರತು ಇಂಟರ್ನೆಟ್ ಇರಲಿಲ್ಲ. ದುರ್ಗೇಶ ತನ್ನ ಹಳೆಯ ಫೋನಿನ ಹಾಟ್‌ಸ್ಪಾಟ್ ಹಾಕಿದ. ಎಷ್ಟು ಇಳಿಯಿತೆಂದು ತೋರಿಸುವ ಪರದೆಯ ಸಾಲು ಮೆಲ್ಲಗೆ, ತೀರಾ ಮೆಲ್ಲಗೆ ಮುಂದೆ ಸರಿಯಿತು.

ನಾಲ್ಕೂ ಹತ್ತು. ನಾಲ್ಕೂ ಇಪ್ಪತ್ತು.

ನಾಲ್ಕೂವರೆಗೆ ಅವನ ಫೋನ್ ರಿಂಗಾಯಿತು. ಅವನು ಗಡಿಬಿಡಿಯಿಂದ ಸದ್ದು ಬಂದ್ ಮಾಡಿದ. ಆದರೆ ಅವಳು ಹೆಸರು ಓದಿಬಿಟ್ಟಿದ್ದಳು. ಹುಬ್ಬಳ್ಳಿಯ ಕಂಪನಿ!

"ಎತ್ರಿ! ನಿಮ್ಮ ಇಂಟರ್‌ವ್ಯೂ ಅದು!"

"ಬ್ಯಾಡ್ರಿ. ಈ ಫೋನಿನಾಗ ಮಾತಾಡಿದ್ರ ಇಂಟರ್ನೆಟ್ ಕಟ್ ಆಗ್ತೈತಿ. ನಿಮ್ದು ಅರ್ಧಕ್ಕ ನಿಂತುಹೋಗ್ತೈತಿ."

"ನಿಮ್ಮ ನೌಕರಿ ಹೋಗ್ತೈತಲ್ರಿ!"

"ಹೋಗ್ಲಿ. ನಾ ವಿಡಿಯೋ ನಿನ್ನೆನ ಕಳಿಸೀನಿ. ಮತ್ತ ಫೋನ್ ಮಾಡಿದ್ರ ಮಾಡ್ತಾರ, ಇಲ್ಲಂದ್ರ ಬಿಡ್ತಾರ. ನೀವು ನರಗುಂದಕ್ಕ ಹೋಗೋದು..." ಮಾತು ಅರ್ಧಕ್ಕೇ ಬಿಟ್ಟು ಪರದೆಯತ್ತ ತಿರುಗಿದ.

"ನರಗುಂದದ್ದು ನಿಮಗ್ಯಾರ ಹೇಳಿದ್ರು?"

"ಲಾಡಸಾಬಣ್ಣ. ನಿಮ್ಮ ಓಣಿಯವರು ಬಸ್ಸಿನಾಗ ಮಾತಾಡೋದು ಕೇಳಿದ್ನಂತ." ಅವನು ಅವಳನ್ನು ನೋಡದೆಯೇ ಹೇಳಿದ. "ಹೆಸರಿನ ವಿಷಯ ಯಾಕ ಹೇಳಲಿಲ್ಲ ಅಂತ ಕೇಳಿದ್ರಲ್ಲ? ಹೇಳಿದ್ರ ನೀವು ನನ್ನ ಜೋಡಿ ಮಾತ ಬಿಡ್ತೀರಿ ಅಂತ ಅಂಜಿದೆ. ಅಷ್ಟ."

ಫೋನ್ ಇನ್ನೂ ಮಿನುಗುತ್ತಿತ್ತು.

ರಾಜೇಶ್ವರಿ ಅವನ ಅಂಗಿಯ ಸವೆದ ಕಾಲರ್ ನೋಡಿದಳು. ಅವನ ತಾಯಿ ಯಂಕವ್ವ ಪುರ್ತಗೇರಿಯಲ್ಲಿ ಕಂಡವರ ಹೊಲಕ್ಕೆ ಕೂಲಿಗೆ ಹೋಗುತ್ತಾಳೆ ಎಂಬುದು ಅವಳಿಗೆ ಗೊತ್ತಿತ್ತು. 'ಇವನ ಬಾಯಾಗಿನ ತುತ್ತು ಕಸಗೊಂಡು ನಾ ಗೆಲ್ಲಬೇಕೇನು? ಗೆದ್ದು ಏನ ಮಾಡ್ಲಿ?'

ಕೈ ಚಾಚಿ ಫೋನ್ ಕಸಿದುಕೊಂಡಳು. ಹಸಿರು ಗುಂಡಿ ಒತ್ತಿದಳು.

"ಹಲೋ, ಒಂದ ನಿಮಿಷ ಸರ್. ದುರ್ಗೇಶ ಅವ್ರು ಇಲ್ಲೇ ಅದಾರ್ರಿ, ಕೊಡ್ತೀನಿ!"

ಲ್ಯಾಪ್‌ಟಾಪಿನಲ್ಲಿ ಸಾಲು ನಿಂತಿತು. ನೆಟ್‌ವರ್ಕ್ ಇಲ್ಲ ಎಂಬ ಕೆಂಪು ಅಕ್ಷರ ಬಂತು.

ದುರ್ಗೇಶ ದಿಗ್ಭ್ರಾಂತನಾಗಿ ಅವಳನ್ನೇ ನೋಡಿದ. ಅವಳು ಎರಡೂ ಕೈ ಜೋಡಿಸಿ, 'ಮಾತಾಡ್ರಿ' ಎಂದು ಸನ್ನೆ ಮಾಡಿದಳು.

ಇಪ್ಪತ್ತೆರಡು ನಿಮಿಷ! ಅವನು ಒಳಗಿನ ಮೂಲೆಯಲ್ಲಿ ನಿಂತು ಉತ್ತರ ಕೊಡುತ್ತಿದ್ದ. ಅವಳು ನಿಂತ ಸಾಲನ್ನೇ ನೋಡುತ್ತ ಕೂತಿದ್ದಳು. ಸಂಕಟ ತಡೆಯಲಾರದೆ ಸೆರಗಿನಂತೆ ದುಪಟ್ಟಾವನ್ನು ಬಾಯಿಗೆ ಒತ್ತಿ ಹಿಡಿದಳು. 'ಅಪ್ಪಾ, ನಿನಗ ಏನಂತ ಹೇಳ್ಲಿ?'

ಕರೆ ಮುಗಿದಾಗ ನಾಲ್ಕು ಐವತ್ತೆರಡು. ದುರ್ಗೇಶ ಓಡಿ ಬಂದ.

"ಹಚ್ರಿ, ಲಗೂನ ಮತ್ತ ಹಚ್ರಿ! ಅರ್ಧ ಇಳಿದದ್ದು ಕಂಪ್ಯೂಟರಿನ ನೆನಪಿನಾಗ, ಕ್ಯಾಶ್‌ನ್ಯಾಗ, ಉಳಿದಿರ್ತೈತಿ!"

ಉಳಿದಿತ್ತು. ಸಾಲು ಈ ಸಲ ಬೇಗ ಬೇಗ ಓಡಿತು. ಐವತ್ತೇಳು. ಐವತ್ತೊಂಬತ್ತು. ಐದು.

ಐದೂ ನಾಲ್ಕಕ್ಕೆ ಇನ್‌ಸ್ಟಾಲ್ ಮುಗಿಯಿತು. ಒಂದೂ ಕೆಂಪು ಅಕ್ಷರವಿಲ್ಲ. ಅವಳು ಕಟ್ಟಿದ ಪುಟ ಪರದೆಯ ಮೇಲೆ ತೆರೆದುಕೊಂಡಿತು. ಗಡಿಬಿಡಿಯಲ್ಲಿ ವಿಡಿಯೋ ಮಾಡಿ ಕಳಿಸಲು ಹೋದಳು.

'ಸಮಯ ಮುಗಿದಿದೆ.'

ಅಷ್ಟೇ. ಎರಡೇ ಶಬ್ದ.

ರಾಜೇಶ್ವರಿ ಲ್ಯಾಪ್‌ಟಾಪ್ ಮುಚ್ಚಿದಳು. ಆಮೇಲೆ ದುರ್ಗೇಶನ ಫೋನಿಗೆ ಸಂದೇಶ ಬಂತು. ಓದಿ ಟೇಬಲ್ಲಿನ ಮೇಲೆ ಬೋರಲು ಹಾಕಿದ. ಅವಳು ತಿರುಗಿಸಿ ಓದಿದಳು. ಕೆಲಸ ಅವನಿಗೆ ಸಿಕ್ಕಿತ್ತು.

"ನಂಗ ಬ್ಯಾಡ್ರಿ ಇದು," ಅವನ ಕಣ್ಣುಗಳು ತುಂಬಿದ್ದವು. "ಫೋನ್ ಮಾಡಿ ಬ್ಯಾಡ ಅಂತೀನಿ. ನಿಮಗ ಕೊಡ್ರಿ ಅಂತೀನಿ."

"ಅಂದ್ರ ನಿಮ್ಮ ಮಾರಿ ನೋಡೂದಿಲ್ಲ ನಾ! ತಿಳೀತಿಲ್ಲೋ?" ಬಿಕ್ಕುತ್ತಲೇ ಗದರಿದಳು. "ನಾನ ಎತ್ತಿದ್ದು ಫೋನ್. ನನಗ ಪಶ್ಚಾತ್ತಾಪ ಇಲ್ಲ."

ಅವಳ ಫೋನ್ ಬಡಿದುಕೊಂಡಿತು. ಅಪ್ಪ.

ದುರ್ಗೇಶ ಮುಖ ತಿರುಗಿಸಿದ. ರಾಜೇಶ್ವರಿ ಫೋನ್ ಎತ್ತಿದಳು.

"ಏನಾತವಾ? ಐದ ಹೊಡೀತಲ್ಲ?"

"ನೌಕರಿ ಸಿಗಲಿಲ್ಲಪಾ."

"ಹಂಗಾರ ನರಗುಂದಕ್ಕ..."

"ಹೂಂ ಅನಬ್ಯಾಡ್ರಿ ಅಪ್ಪಾ." ತನ್ನ ಧ್ವನಿ ತನಗೇ ಹೊಸದೆನಿಸಿತು. ಇಷ್ಟು ದಿನ ಆ ಮಾತನ್ನು ನೌಕರಿಯ ಬಾಯಿಂದ ಹೇಳಿಸಬೇಕೆಂದು ಒದ್ದಾಡಿದ್ದಳು. "ನೌಕರಿ ಇದ್ರೂ ಬ್ಯಾಡ, ಇಲ್ಲದಿದ್ರೂ ಬ್ಯಾಡ. ಆ ಮನಿಗೆ ನಾ ಹೋಗೂದಿಲ್ಲ. ನನ್ನ ಮನಸ್ಸಿನಾಗ ಒಬ್ಬರು ಅದಾರ. ಮನಿಗೆ ಬಂದು ಎಲ್ಲಾ ಹೇಳ್ತೀನಿ."

ಆ ಕಡೆ ಕುರ್ಚಿ ಸರಿದ ಸದ್ದು ಕೇಳಿತು. ಅಪ್ಪ ಸಿಟ್ಟಾಗಿದ್ದಾನೋ, ಅಳುತ್ತಿದ್ದಾನೋ... ಏನೂ ತಿಳಿಯಲಿಲ್ಲ.

"ಮೊದ್ಲ ಮನಿಗೆ ಬಾ," ಎಂದಷ್ಟೇ ಹೇಳಿ ಅಪ್ಪ ಫೋನ್ ಇಟ್ಟ.

ದುರ್ಗೇಶ ಕೌಂಟರಿನ ಅಂಚು ಹಿಡಿದು ನಿಂತಿದ್ದ.

"ಒಬ್ಬರು ಅಂದ್ರಿ... ಯಾರ್ರಿ ಅದು?"

"ಇನ್ನೂ ಕೇಳ್ತೀರಾ? ಎಂಟ ತಿಂಗಳ ಊಟಾ ಮಾಡ್ರಿ, ಊಟಾ ಮಾಡ್ರಿ ಅಂತ ಬರ್ದು ಬರ್ದು ನನ್ನ ಜೀವಾನ ತಿಂದವರು!"

ಅವನು ನಗಲು ಹೋಗಿ ಅತ್ತುಬಿಟ್ಟ.

"ರಾಜೇಶ್ವರಿ, ನಾನೂ ನಿಮ್ಮನ್ನ... ಖರೇ ಹೇಳ್ತೀನಿ, ಜೀವಕ್ಕಿಂತ ಹೆಚ್ಚ. ಆದ್ರ ನಾ ಕೂಲಿ ಮಾಡೋರ ಮಗಾ. ನಿಮ್ಮ ಅಪ್ಪಾರ ಮುಂದ ಹ್ಯಾಂಗ ನಿಲ್ಲಲಿ? ಏನಂತ ಮಾತಾಡ್ಲಿ?"

ಅವಳು ಮೊದಲ ಸಲ ಅವನ ಕೈ ಹಿಡಿದಳು. ಬಿಡಲಿಲ್ಲ.

"ನೀವು ಬರೇ ನನ್ನ ಬಾಜೂಕ ನಿಲ್ರಿ. ಮಾತು ನಾ ಆಡ್ತೀನಿ."