ಸೊಪ್ಪಿನ ಕಟ್ಟಿನ ಗಂಟು ಯಾರದು

ನಾನು ಮಾಡುವ ಫ್ರೆಂಚ್ ಟೊಮೆಟೊ ಸಾಸ್ ತಿಂದವರು ಒಂದು ವಾರ ಹಲ್ಲುಜ್ಜುವುದಿಲ್ಲ, ರುಚಿ ಹೋದೀತೆಂದು. ಮೇಲಿನ ಮಹಡಿಯಲ್ಲಿರುವ ಔಷಧಿ ಅಂಗಡಿಯವಳಿಗೆ ಹೀಗೆಂದು ನಾನೇ ಹೇಳಿದ್ದೆ. ನಾಲ್ಕು ಭಾನುವಾರ ಬಾಟಲಿ ತುಂಬಿ ಕೊಟ್ಟೂ ಇದ್ದೆ. ಅದನ್ನು ಮಾಡುತ್ತಿದ್ದವಳು ನನ್ನ ಅಕ್ಕ ಎಂಬ ಸಣ್ಣ ವಿಷಯ ಮಾತ್ರ ಬಾಯಿಂದ ಜಾರಿರಲಿಲ್ಲ.

ಐದನೆಯ ಭಾನುವಾರ ಬೆಳಿಗ್ಗೆ ಅವಳು ನನ್ನ ಹೊಲಿಗೆ ಮಷಿನ್ನಿನ ಮೇಲೆ ಖಾಲಿ ಬಾಟಲಿ ಕುಕ್ಕಿದಳು. ಪಕ್ಕದಲ್ಲಿ ಕಾಗದವೊಂದನ್ನು ಬಿಚ್ಚಿಟ್ಟಳು. ಒಳಗೆ ಬೆಂದು ಬಾಡಿದ ಪುಟ್ಟ ಸೊಪ್ಪಿನ ಕಟ್ಟು, ಅದಕ್ಕೆ ಬಿಳಿ ದಾರ.

"ಇದೇನು?"

"ಪಾರ್ಸ್ಲೆ, ಥೈಮ್. ಸಾಸ್ ಸೋಸಿದ ಮೇಲೂ ಘಮ ಇರಲಿ ಅಂತ ಬಾಟಲಿಗೆ ಹಾಕ್ತೀನಿ." ಅಕ್ಕನ ಮಾತನ್ನು ಗಿಳಿಯಂತೆ ಒಪ್ಪಿಸಿದೆ.

"ಅದಲ್ಲ. ಗಂಟು ಯಾರದು?"

ಡಾಕ್ಟರುಗಳ ಕೋಳಿಕಾಲಿನ ಅಕ್ಷರ ಓದಿ ಪಳಗಿದ ಕಣ್ಣು ಅದು. ಅದರ ಮುಂದೆ ಹುಲಿಯೂ ಬಾಲ ಮಡಚಿ ತಪ್ಪೊಪ್ಪಿಕೊಂಡೀತು. ನಾನು ಹುಲಿಗಿಂತ ಗಟ್ಟಿ.

"ನನ್ನದೇ."

"ಸುಳ್ಳು. ಎರಡು ವರ್ಷದ ಹಿಂದೆ ನನ್ನ ಬಿಳಿ ಕೋಟಿಗೆ ಗುಂಡಿ ಹಾಕಿಕೊಟ್ರಲ್ಲ, ದಿನಾ ನೋಡ್ತೀನಿ. ನೀವು ಹಾಕೋ ಗಂಟು ಕಣ್ಣಿಗೇ ಕಾಣಲ್ಲ. ಇಲ್ಲಿ ನೋಡಿದ್ರೆ ಹೂವಿನ ಥರ ಕುಚ್ಚು. ಅಡುಗೆ ಮಾಡೋಳು ಯಾರೋ ಇದ್ದಾಳೆ. ಇದ್ರೆ ಇರಲಿ, ನನಗೇನು. ಬಾಟಲಿ ಕೊಟ್ಟು ಹೋಗೋಣ ಅಂತ ಬಂದೆ."

ನನಗೇನು ಎಂದವಳ ಮೂಗಿನ ತುದಿ ಟೊಮೆಟೊವನ್ನೇ ನಾಚಿಸುತ್ತಿತ್ತು. ದಿನಾ ನೋಡುತ್ತಾಳಂತೆ. ಈಗ ಬಾಯಿ ಬಿಡದಿದ್ದರೆ ಇವಳು ಮತ್ತೆಂದೂ ಈ ಬಾಗಿಲು ತಟ್ಟುವುದಿಲ್ಲ.

"ನನ್ನ ಅಕ್ಕನದು. ಗಂಟೂ, ಸಾಸೂ."

"ಅಕ್ಕನಂತೆ. ಸಿಕ್ಕಿಬಿದ್ದಾಗೆಲ್ಲ ಗಂಡಸರಿಗೆ ಒಬ್ಬಳು ಅಕ್ಕ ಹುಟ್ಟಿಕೊಳ್ತಾಳೆ."

ಫೋನು ಮಾಡಿ ಸ್ಪೀಕರ್ ಒತ್ತಿದೆ. ನಾನು ಹಲೋ ಎನ್ನುವ ಮೊದಲೇ ಅಕ್ಕ ಶುರುಮಾಡಿದಳು. "ಏನೋ, ಆ ಔಷಧಿ ಹುಡುಗಿ ಒಪ್ಪಿದ್ಳಾ? ಇನ್ನೂ ಎಷ್ಟು ವಾರ ಕ್ಯಾರೆಟ್ ಹೆಚ್ಚಲಿ ನಾನು?"

ಫೋನು ಇಟ್ಟೆ.

"ಹಾಗಾದ್ರೆ ನಿಮಗೆ ಸಾಸ್ ಮಾಡೋಕೆ ಬರಲ್ಲ," ಎಂದಳು.

"ಕಣ್ಣು ಮುಚ್ಚಿಕೊಂಡು ಮಾಡ್ತೀನಿ."

"ಕಣ್ಣು ಬಿಟ್ಟುಕೊಂಡೇ ಮಾಡಿ. ನಾನಿಲ್ಲೇ ಕೂತಿರ್ತೀನಿ."

ಅಡುಗೆಮನೆಯ ಸ್ಟೂಲಿನ ಮೇಲೆ ಪೊಲೀಸಿನವಳಂತೆ ಕೂತಳು. ಬೆಣ್ಣೆ ಕರಗಿಸಿ ಈರುಳ್ಳಿ, ಕ್ಯಾರೆಟ್ ಬಾಡಿಸಿದೆ. ಒಂದು ಚಮಚ ಮೈದಾ ಹಾಕಿದೆ, ಅದು ಕೋಟಿನ ಗುಂಡಿಗಳಷ್ಟು ದಪ್ಪಕ್ಕೆ ಉಂಡೆಗಟ್ಟಿತು. ಅವಳ ಹುಬ್ಬು ಮೇಲೇರಿತು. ಟೊಮೆಟೊ ಸುರಿದೆ, ನೀರು ಹೊಯ್ದೆ. ಸೊಪ್ಪು ಜೋಡಿಸಿ, ದಾರ ಸುತ್ತಿ ಗಂಟು ಹಾಕುವಾಗ ಮಾತ್ರ ಅವಳು ಸ್ಟೂಲಿನಿಂದ ಎದ್ದು, ನನ್ನ ಬೆರಳುಗಳಿಗೆ ಉಸಿರು ತಾಗುವಷ್ಟು ಬಗ್ಗಿ ನೋಡಿದಳು. ಮುಂದಿನ ಒಂದು ಗಂಟೆ ನಾನು ಪಾತ್ರೆ ಬಿಟ್ಟು ಬೇರೆಲ್ಲೋ ನೋಡುತ್ತಿದ್ದೆ. ತಳ ಹಿಡಿಯಿತು.

ಸೋಸಿ ಚಮಚದಲ್ಲಿ ಕೊಟ್ಟೆ.

"ಅಕ್ಕನ ಸಾಸ್ ಚೆನ್ನಾಗಿತ್ತು," ಎಂದಳು.

"ಇದು?"

"ಸೀದಿದೆ. ಉಪ್ಪೇ ಇಲ್ಲ." ಎರಡನೆಯ ಚಮಚ ತಿಂದಳು. ಮೂರನೆಯದನ್ನೂ. ಆಮೇಲೆ ಜರಡಿಯಿಂದ ಸೊಪ್ಪಿನ ಕಟ್ಟನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ಹುಡುಕಿದಳು.

"ಗಂಟು ಕಾಣ್ತಿಲ್ಲ," ಎಂದಳು ಮೆಲ್ಲಗೆ.

ಖಾಲಿ ಬಾಟಲಿಯನ್ನು ನನ್ನ ಕಡೆ ಸರಿಸಿದಳು.

"ತುಂಬಿ. ಮತ್ತೆ ನಿಮ್ಮಕ್ಕನಿಗೆ ಹೇಳಿಬಿಡಿ, ಇನ್ನು ಕ್ಯಾರೆಟ್ ಹೆಚ್ಚೋದು ಬೇಡ ಅಂತ."