ಪರೀಕ್ಷೆಗೆಂದು ಬರೆದ ಸಾಲುಗಳು

ಪರದೆಯ ಮೇಲಿದ್ದ ಖಾಲಿ ಚೌಕಗಳೆಲ್ಲ ಒಮ್ಮೆಲೇ ಕನ್ನಡದ ಅಕ್ಷರಗಳಾದವು. ಸೌಜನ್ಯ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

ಬೇರೆ ಪ್ರೋಗ್ರಾಮುಗಳ ತಪ್ಪು ಹುಡುಕಿಕೊಡುವ ಡಿಬಗ್ಗರ್ ತಯಾರಿಸುವುದು ರಬಾಳೆಯ ಆ ಪುಟ್ಟ ಆಫೀಸಿನ ಕೆಲಸ. ಅದರ ಹೊಸ ಆವೃತ್ತಿ ಲಿನಕ್ಸ್‌ನಲ್ಲೂ ಮ್ಯಾಕ್‌ನಲ್ಲೂ ಓಡಬೇಕು, ನಮ್ಮ ಲಿಪಿಗಳನ್ನು ಸರಿಯಾಗಿ ತೋರಿಸಬೇಕು. ಕೋಡ್ ಸೌಜನ್ಯಳದು. ಪರೀಕ್ಷೆಗೆಂದು ನಲವತ್ತು ಕನ್ನಡ ಸಾಲು ಸೇರಿಸಿದವನು ಅವಳ ಸಹೋದ್ಯೋಗಿ, ಕಳವಾ ಊರಿನ ಮನೀಶ್. ಎರಡು ತಿಂಗಳಿಂದ ಅವು ಅವಳ ಕಣ್ಣಿಗೆ ಬರೀ ಚೌಕಗಳಾಗಿದ್ದವು.

‘ಸೌಜನ್ಯ ಇವತ್ತು ಹಸಿರು ಕುರ್ತಾ ಹಾಕಿದ್ದಾಳೆ.’

‘ಎಸಿ ಗಾಳಿ ನೇರ ಅವಳ ಮೇಲೆ ಬೀಳುತ್ತಿತ್ತು. ತಿರುಗಿಸಿಟ್ಟೆ. ಅವಳಿಗೆ ಗೊತ್ತಾಗಲಿಲ್ಲ.’

ಅವಳು ಆ ಎರಡು ಸಾಲನ್ನು ಮತ್ತೆ ಓದಿದಳು. ಅವಳನ್ನು ಮದುವೆಗೆ ಕೇಳಿದ್ದ ಘೋಡಬಂದರ್ ರಸ್ತೆಯ ಹುಡುಗನ ಮನೆಯವರಿಗೆ ಅಮ್ಮ ಇವತ್ತೇ ಉತ್ತರ ಹೇಳಬೇಕಿತ್ತು. “ನಿನ್ನ ಮನಸ್ಸಲ್ಲಿ ಬೇರೆ ಯಾರಾದ್ರೂ ಉಂಟಾ?” ಎಂದು ಬೆಳಿಗ್ಗೆ ಕೇಳಿದಾಗ ಸೌಜನ್ಯ ರೈಲಿಗೆ ಹೊತ್ತಾಯಿತೆಂದು ಹೊರಟು ಬಂದಿದ್ದಳು. ಮನಸ್ಸಿನಲ್ಲಿದ್ದವನು ಒಂದು ಮಾತೂ ಆಡದಿರುವಾಗ ಏನೆಂದು ಹೇಳುವುದು?

ಅವನೋ ಪಕ್ಕದಲ್ಲೇ ನಿಂತು ನಿಶ್ಚಿಂತೆಯಿಂದ ಸಂಜೆಯ ಚಹಾ ಕುಡಿಯುತ್ತಿದ್ದ. ಡೊಂಬಿವಲಿಯಲ್ಲಿ ಹುಟ್ಟಿ, ಸದಾ ಹಿಂದಿ ಮಾತಾಡುವ ಹುಡುಗಿಗೆ ಕನ್ನಡ ಓದಲು ಬಾರದೆಂದೇ ಅವನು ನಂಬಿದ್ದ. ಅಜ್ಜಿ ಅವಳಿಂದ ಅಕ್ಷರ ತಿದ್ದಿಸಿದ್ದು ಅವನಿಗೇನು ಗೊತ್ತು?

“ಸಬ್ ಠೀಕ್ ದಿಖ್ ರಹಾ ಹೈ ನಾ?” ಎಲ್ಲ ಸರಿಯಾಗಿ ಕಾಣುತ್ತಿದೆಯಾ ಎಂದು ಮನೀಶ್ ಕೇಳಿದ.

“ದಿಖ್ ತೋ ರಹಾ ಹೈ. ಲಿಖಾ ಕ್ಯಾ ಹೈ?” ಕಾಣುವುದೇನೋ ಕಾಣುತ್ತಿದೆ, ಬರೆದದ್ದೇನು ಎಂದಳು ಅವಳು.

“ಕುಛ್ ನಹೀಂ ಯಾರ್, ಸಬ್ಜಿ ಕೆ ನಾಮ್. ಬದನೆ, ಬೆಂಡೆ, ತೊಂಡೆ.”

“ನಲವತ್ತು ಸಾಲು ತೊಂಡೆಕಾಯಿಯಾ?” ಅವಳು ಕನ್ನಡದಲ್ಲೇ ಕೇಳಿ, ಕೊನೆಯ ಸಾಲಿನ ಕೆಳಗೆ ಬೆರಳಿಟ್ಟು ಓದಿದಳು: “‘ಅವಳ ನಗು ನೆನೆಯುತ್ತ ನಿನ್ನೆ ಕಳವಾ ಸ್ಟೇಷನ್ನಿನಲ್ಲಿ ಇಳಿಯಲು ಮರೆತೆ. ಮುಂದಿನ ಸ್ಟೇಷನ್ ಮುಂಬ್ರಾದಿಂದ ವಾಪಸ್ ಬಂದೆ.’ ಇದು ಯಾವ ತರಕಾರಿ, ಮನೀಶ್?”

ಚಹಾದ ಕಪ್ ಅವನ ತುಟಿಯ ಹತ್ತಿರವೇ ನಿಂತಿತು. ಕಿವಿಗಳು ಕೆಂಪಾದವು.

“ನಿಂಗೆ ಓದ್ಲಿಕ್ಕೆ ಬರ್ತದಾ?”

“ಬರ್ತದೆ. ಬರೆದವ್ರ ಬಾಯಿಂದ ಕೇಳ್ಲಿಕ್ಕೂ ಬರ್ತದೆ.”

ಅವನು ಕಪ್ ಕೆಳಗಿಟ್ಟ. “ನಂಗೆ ನೀನಂದ್ರೆ ತುಂಬ ಇಷ್ಟ, ಸೌಜನ್ಯ. ನೀನು ಎದುರಿಗಿದ್ರೆ ಬಾಯೇ ಬರುದಿಲ್ಲ. ಅದಕ್ಕೇ ಬರೆದದ್ದು.”

ಅವಳು ಅವನ ಮುಖದಿಂದ ಕಣ್ಣು ತೆಗೆಯದೆ ಮನೆಗೆ ಫೋನ್ ಮಾಡಿದಳು.

“ಅಮ್ಮಾ, ಅವ್ರಿಗೆ ಬೇಡ ಅಂತ ಹೇಳು. ಹೌದು, ಉಂಟು. ಇಲ್ಲೇ ಇದ್ದಾನೆ. ಪಾಪ, ಬೆವರ್ತಾ ಇದ್ದಾನೆ.” ಆಮೇಲೆ ಫೋನನ್ನು ಅವನತ್ತ ಚಾಚಿದಳು. “ನಿನ್ನತ್ರ ಮಾತಾಡ್ಬೇಕಂತೆ.”

ಮನೀಶ್ ಎರಡೂ ಕೈಯಲ್ಲಿ ಫೋನ್ ಹಿಡಿದು ನೆಟ್ಟಗೆ ನಿಂತ. “ನಮಸ್ಕಾರ ಆಂಟಿ.”

ಆ ಕಡೆಯಿಂದ ಅಮ್ಮನ ದನಿ ಬಂತು.

“ಮೀನು ತಿಂತೀಯಾ ಮಗಾ?”

“ತಿಂತೇನೆ ಆಂಟಿ.”

“ಹಾಗಾದ್ರೆ ಅವಳೊಟ್ಟಿಗೆ ಬಾ. ಬಂಗುಡೆ ಮಾಡಿದ್ದೇನೆ.”