ಸುಜಾತಾ ಟೀಚರ್ ಕೇಳಿದ ಪ್ರಶ್ನೆ

ಕಲ್ಯಾಣದುರ್ಗದ ಆ ಮನೆಗೆ ಬೀಗ ಹಾಕಿತ್ತು. ಒಳಗೆ ಪಿಯಾನೋ ನುಡಿಯುತ್ತಿತ್ತು.

ಮಂಗಳಗೌರಿ ಗೇಟು ಹಿಡಿದು ನಿಂತುಬಿಟ್ಟಳು. ಮಟಮಟ ಮಧ್ಯಾಹ್ನ, ಬೀದಿಯಲ್ಲಿ ಒಂದು ನಾಯಿಯೂ ಇಲ್ಲ. ಆ ಎಡಗೈ ನಡೆ ಅವಳಿಗೆ ಚೆನ್ನಾಗಿ ಗೊತ್ತು. ಅದು ಸುಜಾತಾ ಟೀಚರ್ ಕೈ. ಟೀಚರ್ ತೀರಿಕೊಂಡು ವರ್ಷವಾಗಿತ್ತು.

ಎದುರುಮನೆಯ ನಾರಮ್ಮ ಹೊರಗೆ ಇಣುಕಿದಳು. “ಎವರಮ್ಮಾ ಅದಿ? ಓ, ಹಿಂದೂಪುರದ ಗೌರಿ! ಯಾಕಮ್ಮ ಹಂಗೆ ಬೆವ್ತಿದೀಯ?”

“ಪಿಯಾನೋ ಕೇಳಿಸ್ತಿಲ್ವಾ ನಾರಮ್ಮತ್ತೆ?”

“ಯಾವ ಪಿಯಾನೋ? ಆ ಈಶ್ವರನ ಥರ ನೀನೂ ಆಡ್ಬೇಡ ಕಣಮ್ಮ.” ನಾರಮ್ಮ ಸೆರಗು ಬಿಗಿದುಕೊಂಡು ಕದ ಹಾಕಿಕೊಂಡಳು.

ಈಶ್ವರ್ ಟೀಚರ ಮಗ. ಹುಣಸೆಹಣ್ಣಿನ ವ್ಯಾಪಾರಿ ಮಲ್ಲಿಕಾರ್ಜುನಪ್ಪ ತನ್ನ ಮಗಳು ಗೌರಿಯನ್ನು ಶನಿವಾರದ ಬಸ್ಸು ಹತ್ತಿಸಿ ಪಾಠಕ್ಕೆ ಕಳಿಸುತ್ತಿದ್ದ ಕಾಲದಲ್ಲಿ, ಈಶ್ವರ್ ಪಕ್ಕದ ಕೋಣೆಯಲ್ಲಿ ಪುಸ್ತಕ ತೆರೆದು ಕೂತಿರುತ್ತಿದ್ದ. ಹಾಳೆ ಮಾತ್ರ ತಿರುಗುತ್ತಿರಲಿಲ್ಲ.

“ಜಾಝ್ ಅಂದ್ರೆ ಬರ್ದಿದ್ದು ಒಪ್ಪಿಸೋದಲ್ಲ ಕಣಮ್ಮ, ಮಾತಾಡ್ಕಳ್ಳೋದು. ನಾನು ಕೇಳ್ತೀನಿ, ನೀನು ಹೇಳು,” ಎಂದು ಟೀಚರ್ ಎಡಗೈ ನುಡಿಸಿ, ಬಲಗೈಯ ಜಾಗವನ್ನು ಅವಳಿಗೆ ಬಿಡುತ್ತಿದ್ದರು.

ಹಾಗೆ ಕಲಿತವಳು ಮುಂಬೈಯ ಕ್ಲಬ್ಬುಗಳಲ್ಲಿ ಹೆಸರು ಮಾಡಿದಳು. ಟೀಚರ್ ಹೋದಂದಿನಿಂದ ಮಾತ್ರ ವೇದಿಕೆಯ ಮೇಲೆ ಅವಳ ಎಡಗೈ ಯಾರದೋ ಕೈಯಂತೆ ಮರಗಟ್ಟುತ್ತಿತ್ತು. ಶೋಗಳು ಒಂದೊಂದಾಗಿ ಕೈಬಿಟ್ಟುಹೋಗಿದ್ದವು. ಕೊನೆಗೆ ಟೀಚರ ಮನೆಯನ್ನಾದರೂ ನೋಡೋಣವೆಂದು ಬಂದಿದ್ದಳು.

ಗೌರಿ ಮನೆಯನ್ನು ಸುತ್ತಿ ಹಿಂದಕ್ಕೆ ಹೋದಳು. ಹಿತ್ತಿಲ ಬಾಗಿಲು ತೆರೆದಿತ್ತು. ಈಶ್ವರ್ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಪಿಯಾನೋ ಮುಂದಿನ ಬೆಂಚು ಖಾಲಿ. ಎಡಬದಿಯ ಕೀಗಳು ತಾವಾಗಿಯೇ ತಗ್ಗುತ್ತಿದ್ದವು, ಏಳುತ್ತಿದ್ದವು.

ಅವಳ ಮುಖ ನೋಡಿ ಅವನು ಎದ್ದ. “ನಿನಗೂ ಕೇಳಿಸ್ತೈತಾ?”

“ಕಾಣಿಸ್ತಾನೂ ಐತೆ.”

ಅವನ ಕಣ್ಣು ತುಂಬಿತು. “ಊರೋರೆಲ್ಲ ನನ್ನ ಪಿಚ್ಚೋಡು, ಹುಚ್ಚ ಅಂತಾರೆ. ಆದ್ರೂ ದಿನಾ ಬತ್ತೀನಿ. ಅಮ್ಮ ಜಾಗ ಬಿಟ್ಟು ಕಾಯ್ತಾಳೆ ಗೌರಿ. ನನಗೆ ಉತ್ರ ಕೊಡಕ್ಕೆ ಬರಲ್ಲ.”

“ನನ್ನ ಯಾಕೆ ಕರೀಲಿಲ್ಲ?”

“ಏನಂತ ಕರೀಲಿ? ಅಮ್ಮ ಕರೀತಾವ್ಳೆ ಅಂತ್ಲಾ? ನಾನೇ ಅಂತ್ಲಾ?” ಅವನು ನೇರವಾಗಿ ನೋಡಿದ. ಮರುಕ್ಷಣವೇ ಕಿವಿ ಕೆಂಪಾಗಿ, ದೃಷ್ಟಿ ತನ್ನ ಕಾಲ್ಬೆರಳಿಗೆ ಇಳಿಯಿತು.

ಗೌರಿ ಬೆಂಚಿನ ಬಲತುದಿಗೆ ಕೂತಳು. ಪಕ್ಕದ ಖಾಲಿ ಜಾಗ ಈಗಷ್ಟೇ ಯಾರೋ ಎದ್ದುಹೋದಂತೆ ಬೆಚ್ಚಗಿತ್ತು. ಮೈ ಜುಮ್ಮೆಂದರೂ ಅವಳು ಏಳಲಿಲ್ಲ.

ಬಲಗೈ ಇಟ್ಟಳು. ಎಡಬದಿ ಗದರಿತು, ರೇಗಿಸಿತು, ನಕ್ಕಿತು. ಆಮೇಲೆ ನಿಧಾನವಾಗಿ ಒಂದು ಪ್ರಶ್ನೆ ಕೇಳಿತು. ಅದನ್ನೇ ಮತ್ತೆ ಕೇಳಿತು. ಗೌರಿ ಈಶ್ವರನ ಕಡೆ ತಿರುಗಿ, ಕೀಗಳನ್ನು ನೋಡದೆಯೇ ಉತ್ತರ ನುಡಿಸಿದಳು.

ಎಡಬದಿ ನಿಂತಿತು. ಬೆಂಚು ತಣ್ಣಗಾಯಿತು.

ಆದರೂ ರಾಗ ನಿಲ್ಲಲಿಲ್ಲ. ನೋಡುತ್ತಾಳೆ, ಅವಳದೇ ಎಡಗೈ ಆ ಜಾಗಕ್ಕೆ ಸರಿದು ನುಡಿಸುತ್ತಿತ್ತು.

“ಅಮ್ಮ ಹೋದ್ಳು,” ಎಂದ ಈಶ್ವರ್. ಬಂದು ಅವಳ ಪಕ್ಕ ಕೂತ. “ಕೊನೇಗೇನು ಕೇಳಿದ್ಳು?”

“ಇವನ ಜೊತೆ ಇರ್ತೀಯಾ ಅಂತ.”

“ನೀನೇನಂದೆ?”

“ಕೇಳಿಸ್ಕಂಡ್ಯಲ್ಲ.”

“ನನಗೆ ಪಿಯಾನೋ ಮಾತು ಬರಲ್ಲ ಕಣೇ.”

ಗೌರಿ ನಾಚಿದಳು. ನುಡಿಸುವುದನ್ನು ನಿಲ್ಲಿಸಿ, ಈ ಸಲ ಬಾಯಿಬಿಟ್ಟು ಹೇಳಿದಳು.